ದಾನಾ ಪ್ಯಾಲೆಸ್, ರೂಮು ೪೧೨

ದಾನಾ ಅಂದರೆ ಅರಬಿಯಲ್ಲಿ ದೊಡ್ಡ ಮುತ್ತಂತೆ.
ಇವರೇ ಬರೆದದ್ದು, ಎಪ್ಪತ್ತೇಳರ ಏರ್‌ಮೇಲ್ ಹಾಳೆಯಲ್ಲಿ:
'ಎಂಟು ಮಾಳಿಗೆ, ಮಾರ್ಬಲ್ ನೆಲ.
ನಲ್ಲಿ ಎಡಕ್ಕೆ ತಿರುಗಿಸಿದರೆ ಬಿಸಿ, ಬಲಕ್ಕೆ ತಣ್ಣಗೆ,
ಗಾಜಿನ ಹಾಗೆ ನೀರು ಮಾರಾಯ್ತಿ.
ಪೈಪು ಎಲ್ಲ ನಮ್ಮದೇ ಕೈ.'
ಗಂಗೊಳ್ಳಿಯ ಸವಳು ಬಾವಿಯ ಕಟ್ಟೆಯಲ್ಲಿ ಕೂತು
ಓದಿದ್ದೆ. ಹಾಳೆಯ ಮೂಲೆ ಒದ್ದೆಯಾಗಿತ್ತು, ಕೊಡದ ನೀರಿಗೆ.

ಈಗ ಚೀಟಿ ಎತ್ತಿದ ದುಡ್ಡಲ್ಲಿ
ಮನಾಮಾದ ತಮ್ಮನ ಮನೆಗೆ ಬಂದವರು
ಒಂದು ರಾತ್ರಿಗೆ ನಲವತ್ತೆಂಟು ದಿನಾರು ಎಣಿಸಿ
ಕೌಂಟರಿನ ಎದುರು ನಿಂತೆವು.
ರೂಮು ಆಗಿಲ್ಲ, ಮೂರು ಗಂಟೆಗೆ ಬನ್ನಿ ಎಂದಳು ಹುಡುಗಿ,
ಇವರ ಹೆಸರನ್ನು 'ಕರ್ವೀ' ಎಂದು ಓದಿ.
ಸೋಫಾದಲ್ಲಿ ಕೂತರೆ ಸ್ಪ್ರಿಂಗು ಚುಚ್ಚಿತು.
ಗೋಡೆಯಲ್ಲಿ ಉದ್ಘಾಟನೆಯ ಫೋಟೋ, ಕೋಟಿನವರದ್ದೇ ಸಾಲು.
ಇವರು ಕನ್ನಡಕ ಒರೆಸಿ ಒರೆಸಿ ಹುಡುಕಿದರು.
'ನಾವು ಆವತ್ತು ಟೆರೇಸಿನ ಟ್ಯಾಂಕಿ ಹತ್ತಿರ ಇದ್ದೆವು' ಅಂದರು ಆಮೇಲೆ.

ಲಿಫ್ಟು ಎರಡರಲ್ಲಿ ಒಂದು ಕೆಟ್ಟಿತ್ತು.
ಕಡಲು ಕಾಣುವ ರೂಮು ಎಂದು ಹೆಚ್ಚಿಗೆ ತೆಗೆದುಕೊಂಡಿದ್ದರು,
ಪರದೆ ಸರಿಸಿದರೆ ಎದುರು ಕಟ್ಟಡದ ಎಸಿ ಪೆಟ್ಟಿಗೆಗಳು.
ಕಡಲೆಲ್ಲಿ ಅಂದೆ.
ಮಣ್ಣು ಹಾಕಿ ಆಚೆ ತಳ್ಳಿದ್ದಾರೆ ಮೇಡಂ, ಅಂದ ಬ್ಯಾಗು ಹೊತ್ತವನು.
ನಮ್ಮಲ್ಲಿ ಕಡಲು ಮನೆ ತಿನ್ನುತ್ತದೆ,
ಇಲ್ಲಿ ಮನೆಗಳೇ ಕಡಲು ತಿಂದಿವೆ.
ಟವೆಲಿನಲ್ಲಿ ಮುತ್ತಿನ ಕಸೂತಿ, ಮುತ್ತಿನ ನಡುವೆ ತೂತು.
ನಲ್ಲಿ ತಿರುಗಿಸಿದೆ, ಎಡಕ್ಕೆ.
ಕಾಫಿ ಡಿಕಾಕ್ಷನ್ ಬಂತು.

ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು, ಸರಿ.
ಇದು ದುಡ್ಡು ಕೊಟ್ಟು ಕೊಂಡ ಎಮ್ಮೆ.
ನಾನು ಎಣಿಸಿದೆ, ಗಟ್ಟಿಯಾಗಿಯೇ.
ಇವರು ಮಾತ್ರ ಫೇಲಾದ ಮಗನ ಪರ ಮಾಸ್ತರರ ಹತ್ತಿರ ನಿಂತವರ ಹಾಗೆ
'ಸ್ವಲ್ಪ ಹೊತ್ತು ಬಿಡು, ತಿಳಿಯಾಗ್ತದೆ' ಅಂದರು.
ಬಿಟ್ಟೆ. ತಿಳಿಯಾಗಲಿಲ್ಲ.

ರಾತ್ರಿ ಗೋಡೆ ಬಡಿಯತೊಡಗಿತು.
ಟಕ್. ಸ್ವಲ್ಪ ಬಿಟ್ಟು ಟಕ್ ಟಕ್.
ಎದ್ದು ನೋಡಿದರೆ ಬಚ್ಚಲಲ್ಲಿ ಬನಿಯನಿನಲ್ಲಿ ಇವರು,
ಟೈಲಿಗೆ ಕಿವಿ ಕೊಟ್ಟು.
'ಇಲ್ಲೇ ಇದೆ ಎಲ್ಬೋ. ಎರಡು ಕ್ಲಾಂಪು ಹಾಕಬೇಕಿತ್ತು.
ನಾಡಿದ್ದು ಉದ್ಘಾಟನೆ ಅಂತ ಫೋರ್‌ಮನ್ ಕುತ್ತಿಗೆ ಮೇಲೆ ಕೂತಿದ್ದ.
ಒಂದೇ ಹಾಕಿದೆ.'
ಎಷ್ಟೋ ಕಾಗದ ಬಂದಿತ್ತು ನನಗೆ,
ಈ ಮಾತು ಒಂದರಲ್ಲೂ ಇರಲಿಲ್ಲ.

ಕೆಳಗೆ ಫೋನು ಮಾಡಿ ಸ್ಪ್ಯಾನರ್ ಕೇಳಿದರು.
ಅವರಿಗೆ ಅರ್ಥವಾಗದೆ ಮೊದಲು ಸ್ಪೂನು ಕಳಿಸಿದರು.
ಆಮೇಲೆ ಬಂದವನು ರಫೀಕುಲ್, ಬಾಂಗ್ಲಾದ ಹುಡುಗ, ನಿದ್ದೆಗಣ್ಣು.
ಅರೆಬರೆ ಹಿಂದಿಯಲ್ಲಿ ಬೈದುಕೊಂಡು ನಗುತ್ತ
ಬೇಸಿನ್ನಿನಡಿ ಇಬ್ಬರೂ ಮಂಡಿಯೂರಿದರು.
ಹುಡುಗ ಟಾರ್ಚು ಹಿಡಿದ, ಗಿರಾಕಿ ಬಿಗಿ ಮಾಡಿದರು.
ನಾನು ನಲವತ್ತೆಂಟು ದಿನಾರಿನ ಹಾಸಿಗೆಯಲ್ಲಿ ಕೂತು ನೋಡಿದೆ.
ಹೋಗುವಾಗ ಅವನು ಇವರನ್ನು ಚಾಚಾ ಅಂದ.

ಸದ್ದು ನಿಂತಿತು.
ಮೂರು ಗಂಟೆಗೆ ಪಕ್ಕದ ರೂಮಿನ ಗೋಡೆಯಲ್ಲಿ ಶುರುವಾಯಿತು,
ಟಕ್, ಟಕ್ ಟಕ್.
ಆಚೆ ಯಾರೋ ಇಂಗ್ಲಿಷಿನಲ್ಲಿ ಕೌಂಟರಿಗೆ ಕೂಗುತ್ತಿದ್ದರು.
ಇವರು ಮುಸುಕೆಳೆದುಕೊಂಡು ಉಸಿರೇ ಬಿಡಲಿಲ್ಲ,
ಯಾರದೋ ತೋಟದ ಮಾವು ಕದ್ದ ಪೋರನ ಹಾಗೆ.

ಬೆಳಿಗ್ಗೆ ಹುಡುಗಿ ಒಂದು ಕಾರ್ಡು ಕೊಟ್ಟಳು,
ನಗುವ ಮುಖ, ಅಳುವ ಮುಖ, ಕೆಳಗೆ ಖಾಲಿ ಜಾಗ.
ಯಾವ ಮುಖಕ್ಕೂ ಗುರುತು ಹಾಕಲು ಕೈ ಬರಲಿಲ್ಲ.
ಕನ್ನಡದಲ್ಲೇ ಬರೆದೆ: ಒಂದು ಕ್ಲಾಂಪು ಬಾಕಿ ಇದೆ.
ಇವರು ಓದಿದರು. ಪೆನ್ನು ಇಸಕೊಂಡು
'ಮುಕ್ಕಾಲು ಇಂಚಿನದು' ಎಂದು ಸೇರಿಸಿದರು.